ಸೊಸೆಯ ಪರೀಕ್ಷೆಗೆ ನಾನೇ ರೋಗಿ

ಮಾರ್ಚ್ 3, ಸೋಮವಾರ

ಈ ದಿನ ಮೊದಲ್ಗೊಂಡು ನಾನು ರೋಗಿಯ ಕೆಲಸವನ್ನು ವಹಿಸಿಕೊಂಡಿರುತ್ತೇನೆ. ವೇತನವಿಲ್ಲ, ರಜೆಯೂ ಇಲ್ಲ. ವಹಿಸಿಕೊಂಡ ಕಾರಣಗಳನ್ನು ಕ್ರಮವಾಗಿ ಬರೆದಿಡುವುದು ಉಚಿತ.

ನನ್ನ ಸೊಸೆಯು ತುರ್ತು ವೈದ್ಯಕೀಯ ವಿದ್ಯಾರ್ಥಿನಿ. ಎಂದರೆ, ಮುಂದೆ ಆಂಬುಲೆನ್ಸಿನಲ್ಲಿ ಹೋಗಿ, ಬಿದ್ದವರನ್ನೂ ಉಸಿರು ಕಟ್ಟಿದವರನ್ನೂ ಜೀವಸಹಿತ ಆಸ್ಪತ್ರೆಯ ಬಾಗಿಲು ಮುಟ್ಟಿಸತಕ್ಕವಳು. ಈ ಓದಿಗೆ ಸೇರುವ ಮುನ್ನ ಲಾಂಡ್ರಿಯೊಂದರ ಇಸ್ತ್ರಿ ವಿಭಾಗದಲ್ಲಿ ಹಗಲಿಡೀ ನಿಂತು, ಮೊಣಕೈವರೆಗೂ ಸುಟ್ಟ ಗೆರೆಗಳನ್ನು ಸಂಪಾದಿಸಿಕೊಂಡಿದ್ದಳು. ಬರೆಯುವ ಪರೀಕ್ಷೆಗಳೆಲ್ಲದರಲ್ಲಿಯೂ ಅವಳು ತೇರ್ಗಡೆ ಹೊಂದಿರುವುದು ಸರಿಯಷ್ಟೆ. ಆದರೆ ರೋಗಿಯನ್ನು ಕಂಡು, ಕೇಳಿ, ಮುಟ್ಟಿ ನೋಡಿ, ಏನಾಗಿದೆಯೆಂದು ನಿರ್ಧರಿಸುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದ್ದಾಳೆ. ಏಪ್ರಿಲ್ ಏಳರಂದು ಎರಡನೆಯ ಸಲ. ಅದೇ ಕಡೆಯ ಅವಕಾಶವೂ ಹೌದು. ಆಗಲೂ ತಪ್ಪಿದಲ್ಲಿ ಹೆಸರನ್ನು ತೆಗೆದುಹಾಕುವುದು ಆ ಸಂಸ್ಥೆಯ ನಿಯಮ. ಮತ್ತೆ ಇಸ್ತ್ರಿ ಮೇಜೇ ಗತಿ.

ನನ್ನ ಮಗನಾದರೋ ದೂರದ ಅಣೆಕಟ್ಟಿನ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಮುಖ ತೋರಿಸುವವನು. ಆದ್ದರಿಂದ ಈ ಮನೆಯಲ್ಲಿ ಅಭ್ಯಾಸಕ್ಕೆ ಒದಗತಕ್ಕ ದೇಹ ನನ್ನದೊಂದೇ. ಸೊಸೆಯು ಬಾಗಿಲ ಚೌಕಟ್ಟಿನ ಬಳಿ ನಿಂತು, ಒಳಗೂ ಬಾರದೆ ಹೊರಗೂ ಹೋಗದೆ, ಕೊನೆಗೆ ಕೇಳಿದಳು: "ಮಾವ, ದಿನಾ ಸ್ವಲ್ಪ ಹೊತ್ತು ಕಾಯಿಲೆ ಬೀಳ್ತೀರಾ?"

ಯೋಚಿಸಿ ತಿಳಿಸುವೆನೆಂದು ಹೇಳಿ, ಚಹಾ ಮುಗಿಯುವಷ್ಟರಲ್ಲಿ ಒಪ್ಪಿಗೆ ನೀಡಿದೆನು.

ಈ ಕೆಲಸಕ್ಕೆ ನನ್ನಲ್ಲಿ ಯೋಗ್ಯತೆ ಇಲ್ಲದಿಲ್ಲ. ನ್ಯಾಯಾಲಯದ ಎದುರಿನ ಅರ್ಜಿ ಕಚೇರಿಯಲ್ಲಿ ನಕಲುಗಾರನಾಗಿ ಸೇರಿ ಮುಖ್ಯ ನಕಲುಗಾರನಾಗಿ ಬಿಟ್ಟವನು ನಾನು. ಜನರು ಅಳುತ್ತಲೂ ಬೈಯುತ್ತಲೂ ಹಿಂದುಮುಂದಾಗಿ ಹೇಳಿದ್ದನ್ನು ಪೀಠಿಕೆ, ಪೂರ್ವವೃತ್ತಾಂತ, ದೂರು, ಪ್ರಾರ್ಥನೆ ಎಂಬ ಕ್ರಮದಲ್ಲಿ ನಿಲ್ಲಿಸುವುದು ಹೇಗೆಂದು ಬಲ್ಲೆ. ಕಾಯಿಲೆಯನ್ನೂ ಹಾಗೆ ನಿಲ್ಲಿಸಬಹುದು.

ಮಾರ್ಚ್ 5, ಬುಧವಾರ

ಮೊದಲ ಅಭ್ಯಾಸವು ಸುಸೂತ್ರವಾಗಿ ನೆರವೇರಿತು.

ಪರೀಕ್ಷೆಯ ಪದ್ಧತಿಯನ್ನು ಸೊಸೆಯು ವಿವರಿಸಿದಳು. ಅಲ್ಲಿ ರೋಗಿಯೆಂದು ಕೂರುವವನು ನಿಜಕ್ಕೂ ಗಟ್ಟಿಮುಟ್ಟಾದ ಮನುಷ್ಯ. ವಿದ್ಯಾರ್ಥಿಯು ಅವನ ಮಣಿಕಟ್ಟು ಹಿಡಿದು "ನಾಡಿ ನೋಡುತ್ತಿದ್ದೇನೆ" ಎಂದೊಡನೆ, ಪಕ್ಕದಲ್ಲಿರುವ ಪರೀಕ್ಷಕರು ಕೈಯಲ್ಲಿರುವ ಚೀಟಿಯನ್ನು ನೋಡಿ ಸಂಖ್ಯೆಯನ್ನು ಹೇಳಿಬಿಡುತ್ತಾರೆ. ಉಸಿರಾಟ, ರಕ್ತದೊತ್ತಡ, ಎದೆಯ ಸದ್ದು, ಎಲ್ಲಕ್ಕೂ ಹಾಗೆಯೇ. ಹೇಳಿದ್ದನ್ನು ನಂಬಿ ಮುಂದಿನ ಹೆಜ್ಜೆ ಇಡತಕ್ಕದ್ದು. ನಮ್ಮ ಮನೆಯಲ್ಲಿ ರೋಗಿಯೂ ನಾನೇ, ಪರೀಕ್ಷಕನೂ ನಾನೇ, ಚೀಟಿಯೂ ನನ್ನದೇ.

ನಾನು ಸಿದ್ಧಪಡಿಸಿದ್ದು ಎದೆನೋವಿನ ಗೃಹಸ್ಥನೊಬ್ಬನ ಪ್ರಕರಣ. ಸೊಸೆಯು ಬಾಗಿಲಲ್ಲಿ ನಿಂತು ಅಪಾಯವೇನಾದರೂ ಇದೆಯೇ ಎಂದು ಸುತ್ತಲೂ ನೋಡಿ, ಕೈಗವಸು ತೊಟ್ಟು, ಒಳಬಂದು ನನ್ನನ್ನು ಪ್ರಶ್ನಿಸಿದಳು. ನೋವು ಆರಂಭವಾದ ಬಗೆ, ಅದು ಎಡಭುಜಕ್ಕೆ ಸರಿದ ಕ್ರಮ, ಹಿಂದಿನ ಕಾಯಿಲೆಗಳು, ಸೇವಿಸುತ್ತಿರುವ ಮಾತ್ರೆಗಳು ಇತ್ಯಾದಿಯನ್ನು ಒಂದು ಪದವೂ ಆಚೀಚೆಯಾಗದಂತೆ ಹೇಳಿದೆನು. ಅವಳು ಮಣಿಕಟ್ಟು ಹಿಡಿದೊಡನೆ "ನೂರಾ ಹತ್ತು" ಎಂದೆನು. ಅವಳ ಬೆರಳು ಇನ್ನೂ ಸರಿಯಾದ ಜಾಗದಲ್ಲಿ ಕೂತಿರಲಿಲ್ಲ, ಸಂಖ್ಯೆ ಸಿಕ್ಕಿದ್ದರಿಂದ ಬಿಟ್ಟಳು. ಕಾಲಹರಣವಿಲ್ಲದ ವ್ಯವಸ್ಥೆ.

ಕೆಳಮನೆಯ ಟೈಲರಮ್ಮನು ನಮ್ಮ ಪರದೆಗೆ ಅಂಚು ಹೊಲಿದು ತಂದಿದ್ದವಳು, ಅದನ್ನು ಎದೆಗೆ ಅವುಚಿಕೊಂಡು ಎಲ್ಲವನ್ನೂ ನೋಡಿದಳು. ಈಕೆಗೆ ನನ್ನ ವಯಸ್ಸೇ. ನಾಲಗೆ ಮಾತ್ರ ಅವಳ ಕತ್ತರಿಯಷ್ಟೇ ಹರಿತ.

"ಅರ್ಜಿ ಸಾಹೇಬ್ರೇ," ಎಂದಳು, "ಎದೆ ಒಡೆದೋಗ್ತಿರೋನು ಇಷ್ಟು ಚೆನ್ನಾಗಿ ಮಾತಾಡಿದ್ರೆ ಡಾಕ್ಟ್ರು ಅವನಿಗೆ ಮದ್ದು ಕೊಡಲ್ಲ, ಮೈಕ್ ಕೊಡ್ತಾರೆ."

ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಪರದೆಯ ಅಂಚನ್ನು ಪರೀಕ್ಷಿಸತೊಡಗಿದೆನು.

ಮಾರ್ಚ್ 9, ಭಾನುವಾರ

ಬದಲಾವಣೆಗೆಂದು ಈ ದಿನ ಟೈಲರಮ್ಮನನ್ನು ರೋಗಿಯಾಗಿ ಕೂರಿಸಲಾಯಿತು. ಇದು ಸೊಸೆಯ ಸಲಹೆ. ನನ್ನದಲ್ಲವೆಂದು ಸ್ಪಷ್ಟವಾಗಿ ದಾಖಲಿಸುತ್ತೇನೆ.

ಆಸ್ತಮಾದ ಪ್ರಕರಣವನ್ನು ನಾನು ಬರೆದುಕೊಟ್ಟಿದ್ದೆನು. ಆ ಮಹಾತಾಯಿ ಅದನ್ನು ಮಡಿಸಿ ಬೀಸಣಿಗೆ ಮಾಡಿಕೊಂಡಳು. ಏನಾಗುತ್ತಿದೆ ಎಂದು ಸೊಸೆ ಕೇಳಿದರೆ, ನಾದಿನಿಯ ಮಗನ ಪ್ಯಾಂಟಿನ ಅಳತೆ ತಪ್ಪಿದ ಸಂಗತಿಯಿಂದ ಆರಂಭಿಸಿದಳು. ಅಲ್ಲಿಂದ ಹೊಲಿಗೆ ಯಂತ್ರದ ಪೆಡಲಿಗೆ, ಅಲ್ಲಿಂದ ಬೆಕ್ಕಿಗೆ. ನಡುವೆ ಎಲ್ಲೋ, "ಎಡಗೈ ಯಾಕೋ ಜೋಮು, ಅದು ಬಿಡಿ" ಎಂದು ಸೇರಿಸಿ ಮತ್ತೆ ಬೆಕ್ಕಿಗೆ ಹೋದಳು. ಸೊಸೆಯು ಬೆಕ್ಕಿನ ಹಿಂದೆಯೇ ಹೋದಳು. ಕೈಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಹೀಗೆ ಮಾತನಾಡುವವರು ಅರ್ಜಿ ಕಚೇರಿಗೆ ಬಂದಿದ್ದರೆ ನಾನು ಬಾಯಿ ಮುಚ್ಚಿಸಿ, ಬೇಕಾದುದನ್ನು ನಾನೇ ಬರೆದು ಹೆಬ್ಬೆಟ್ಟು ಒತ್ತಿಸುತ್ತಿದ್ದೆನು. ಟೈಲರಮ್ಮ ರೋಗಿಯ ಕೆಲಸಕ್ಕೆ ಅನರ್ಹಳೆಂದು ತೀರ್ಮಾನಿಸಿ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿದೆನು. ಅವಳು ನಗುತ್ತಲೇ ಇಳಿದುಹೋದಳು.

ನನ್ನ ಕಪ್ಪು ಬೂಟು ಬಿಗಿಯಾಗಿದೆ. ಈಗಿನ ಚರ್ಮವೇ ಹಾಗೆ, ಒಂದು ಬೇಸಿಗೆಗೆ ಕುಗ್ಗುತ್ತದೆ.

ಮಾರ್ಚ್ 14, ಶುಕ್ರವಾರ

ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವನ ಪ್ರಕರಣ. ಯಶಸ್ವಿ. ಸೊಸೆಯು ಯಾವ ಪ್ರಶ್ನೆಯನ್ನೂ ಬಿಡದೆ ಕೇಳುತ್ತಾಳೆ. ನಾನೂ ಯಾವ ಉತ್ತರವನ್ನೂ ಬಿಡದೆ ಕೊಡುತ್ತೇನೆ.

ಮಲಗಿದರೆ ಕೆಮ್ಮು ಬರುವುದರಿಂದ ಕುರ್ಚಿಯಲ್ಲೇ ನಿದ್ರಿಸುತ್ತಿದ್ದೇನೆ. ಎದುರಿನ ಕಟ್ಟಡವನ್ನು ಒಡೆಯುತ್ತಿದ್ದಾರೆ; ಧೂಳು. ಕುರ್ಚಿಯ ನಿದ್ರೆಯೇ ಒಂದು ರೀತಿಯಲ್ಲಿ ಗೌರವಸ್ಥವಾದದ್ದು.

ಮಾರ್ಚ್ 20, ಗುರುವಾರ

ಸಂಸ್ಥೆಯಲ್ಲಿ ಈ ದಿನ ಅಣಕು ಪರೀಕ್ಷೆ ನಡೆಯಿತು. ಸೊಸೆಯು ತಪ್ಪಿದಳು.

ಮನೆಗೆ ಬಂದವಳು ಬೂಟು ಸಹ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದಳು. ಒಲೆಯ ಮೇಲೆ ನೀರು ಕುದ್ದು ಅರ್ಧವಾಗಿತ್ತು. ನಾನು ಹೋಗಿ ಒಲೆ ಆರಿಸಿದೆನು. ಆಗ ಹೇಳಿದಳು. ರೋಗಿಯ ಪಾತ್ರದಲ್ಲಿದ್ದವಳು ಮೆಟ್ಟಿಲಿಂದ ಬಿದ್ದ ಹೆಂಗಸು. ಕೈ ನೋವು, ಕೈ ನೋವು ಎಂದು ಒಂದೇ ಸಮನೆ ಕೂಗಿದಳಂತೆ. ಸೊಸೆಯು ಕೈಗೆ ಪಟ್ಟಿ ಕಟ್ಟಿ, ತೂಗುಹಾಕಿ, ಸಮಾಧಾನ ಹೇಳಿ ಮುಗಿಸಿದಳು. ಚೀಟಿಯ ಪ್ರಕಾರ ಆ ಹೆಂಗಸಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಹೊಟ್ಟೆಯನ್ನು ಇವಳು ಮುಟ್ಟಿಯೇ ಇರಲಿಲ್ಲ.

"ಕೈ ಅಂದಳು ಮಾವ, ಕೈ ನೋಡಿದೆ," ಎಂದಳು. "ಹೊಟ್ಟೆ ಬಗ್ಗೆ ಅವಳು ಹೇಳಲೇ ಇಲ್ಲ."

ಇವರ ಶಿಕ್ಷಕಿ ಹಿಂದೆ ಆಂಬುಲೆನ್ಸಿನಲ್ಲಿ ದುಡಿದವಳು. ಹುಡುಗರು ಆಕೆಯನ್ನು ಕ್ಯಾಪ್ಟನ್ ಎನ್ನುತ್ತಾರೆ. ಆಕೆ ಎಲ್ಲರೆದುರು ಕೇಳಿದಳಂತೆ: "ನೀನು ಮನೇಲಿ ಯಾರ ಮೇಲೆ ಅಭ್ಯಾಸ ಮಾಡ್ತೀಯ? ಇಷ್ಟು ಅಚ್ಚುಕಟ್ಟಾಗಿ ಯಾರಿಗೂ ಕಾಯಿಲೆ ಬರಲ್ಲ ಕಣೆ."

ಈ ಮಾತು ನನ್ನನ್ನು ಕುರಿತದ್ದು. ಪರಿಚಯವಿಲ್ಲದವರ ಬಗ್ಗೆ ಹೀಗೆ ಅಭಿಪ್ರಾಯ ವ್ಯಕ್ತಪಡಿಸುವುದು ಆ ಹುದ್ದೆಗೆ ಶೋಭಿಸುವುದಿಲ್ಲ. ಅದನ್ನೇ ಹೇಳಿದೆನು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ತೋರುತ್ತದೆ. ಸೊಸೆಯು ಎದ್ದು ಕೋಣೆಗೆ ಹೋದಳು. ಗಟ್ಟಿಯಾಗಿ ಮಾತನಾಡಿದ್ದರಿಂದ ನನಗೆ ಏದುಸಿರು ಬಂದು ಗೋಡೆ ಹಿಡಿದು ನಿಲ್ಲಬೇಕಾಯಿತು. ಕೋಪ ಒಳ್ಳೆಯದಲ್ಲ.

ಮಾರ್ಚ್ 23, ಭಾನುವಾರ

ಸೊಸೆಯು ದಿಂಬಿಗೆ ಅಂಗಿ ತೊಡಿಸಿ ಅದರ ಮೇಲೆ ಅಭ್ಯಾಸ ಮಾಡುತ್ತಿದ್ದಾಳೆ. ದಿಂಬು ನನ್ನದು. ಅಂಗಿಯೂ ನನ್ನದೇ.

ಮಗ ಫೋನ್ ಮಾಡಿ, ಅವಳಿಗೆ ಧೈರ್ಯ ಹೇಳಬೇಕೆಂದೂ, ಬೈಯಬಾರದೆಂದೂ ಕೇಳಿಕೊಂಡನು. ನನ್ನ ಆರೋಗ್ಯ ವಿಚಾರಿಸಿದನು. ಉತ್ತಮವಾಗಿದೆ ಎಂದೆನು. ಆ ಪದವನ್ನು ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಅವನ ಕಡೆ ಯಂತ್ರಗಳ ಸದ್ದಿದ್ದುದರಿಂದ ಕೇಳಿಸಿರಲಾರದು.

ಮಾರ್ಚ್ 27, ಗುರುವಾರ

ಕ್ಯಾಪ್ಟನ್ ಹೇಳಿದ್ದರಲ್ಲಿ ಲೇಶಮಾತ್ರ ಸತ್ಯವಿದೆಯೆಂದು ಒಪ್ಪಿದ್ದೇನೆ. ನನ್ನ ರೋಗಿಗಳು ಸುಳ್ಳಾಡುವುದಿಲ್ಲ. ಪರೀಕ್ಷೆಯ ರೋಗಿಗಳು ಆಡುತ್ತಾರೆ. ಆದ್ದರಿಂದ ನಾನೂ ಆಡಲು ನಿಶ್ಚಯಿಸಿ, ದಿಂಬಿನ ಅಂಗಿಯನ್ನು ಬಿಚ್ಚಿ ನಾನು ತೊಟ್ಟುಕೊಂಡು, ನಡುಮನೆಯ ಕುರ್ಚಿಯಲ್ಲಿ ಹೋಗಿ ಕುಳಿತೆನು. ಸೊಸೆಗೆ ಬೇರೇನೂ ಹೇಳಬೇಕಾಗಲಿಲ್ಲ. ಕೈಗವಸು ತಂದಳು.

ಮೊದಲು ಅವಳಿಗೆ ಬಹಳ ಕಷ್ಟವಾಯಿತು. ನಾನು "ಏನೂ ಇಲ್ಲ" ಎಂದರೆ "ಸರಿ ಮಾವ" ಎಂದು ನಿಲ್ಲಿಸಿಬಿಡುತ್ತಿದ್ದಳು. ಮತ್ತೆ ಕೇಳು ಎಂದರೆ, ಎದುರು ಮಾತಾಡಿದ ಹಾಗಾಗುತ್ತದೆ ಎನ್ನುತ್ತಾಳೆ.

"ಈ ಕುರ್ಚಿಯಲ್ಲಿ ಇರೋನು ನಿನ್ನ ಮಾವ ಅಲ್ಲಮ್ಮ," ಎಂದೆನು. "ಯಾವನೋ ಒಬ್ಬ ಮುದುಕ. ಸುಳ್ಳುಗಾರ."

ಇಂದು ಸಂಜೆಯ ಹೊತ್ತಿಗೆ ಸ್ವಲ್ಪ ಕುದುರಿತು. ಕುಡಿದದ್ದನ್ನು ಮುಚ್ಚಿಡುವವನನ್ನು ಬಾಯಿಯ ವಾಸನೆ ನೋಡುತ್ತೇನೆಂದು ಹೆದರಿಸಿ ಹಿಡಿದಳು. ತಲೆಗೆ ಪೆಟ್ಟಾದುದನ್ನು ಟೋಪಿಯ ಕೆಳಗೆ ಅಡಗಿಸಿದ್ದವನ ಟೋಪಿಯನ್ನು ಅನುಮತಿ ಕೇಳಿಯೇ ತೆಗೆದಳು. "ಇಲ್ಲ ಅಂದ್ರಿ, ಆದ್ರೂ ಒಂದ್ಸಲ ನೋಡ್ತೀನಿ" ಎಂಬ ಮಾತು ಅವಳ ಬಾಯಿಗೆ ಹತ್ತಿದೆ. ಸಂಖ್ಯೆಗಳನ್ನು ಮಾತ್ರ ಮೊದಲಿನಂತೆ ನಾನೇ ಹೇಳುತ್ತೇನೆ. ಅದು ಪರೀಕ್ಷೆಯ ಪದ್ಧತಿ.

ಏಪ್ರಿಲ್ 1, ಮಂಗಳವಾರ

ಪೇಟೆಗೆ ಹೋಗಿಲ್ಲ. ಮೆಟ್ಟಿಲುಗಳನ್ನು ಕಟ್ಟಿದವನಿಗೆ ಅಳತೆಯ ಜ್ಞಾನವಿರಲಿಲ್ಲ. ನಡುವೆ ಕೂರಲು ಒಂದು ಕಲ್ಲನ್ನಾದರೂ ಇಡಬೇಕಿತ್ತು.

ಏಪ್ರಿಲ್ 4, ಶುಕ್ರವಾರ

ಟೈಲರಮ್ಮ ಬಂದಳು. ಸೊಸೆ ತರಗತಿಗೆ ಹೋಗಿದ್ದ ಸಮಯ. ನನ್ನ ಪ್ಯಾಂಟಿನ ಸೊಂಟ ಸಡಿಲಿಸಲು ಕೊಟ್ಟಿದ್ದೆನು, ಅದನ್ನು ಹಿಂತಿರುಗಿಸುವ ನೆಪ.

ಅವಳು ಎಂದಿನಂತೆ ಹರಟಲಿಲ್ಲ. ಬಾಗಿಲು ಮುಂದೆಮಾಡಿ ನಿಂತಳು. "ಎರಡು ತಿಂಗಳಲ್ಲಿ ಎರಡು ಸಲ ಸೊಂಟ ಬಿಡಿಸಿದೀನಿ. ಮುಖ ನೋಡಿದ್ರೆ ಇಳಿದುಹೋಗಿದೆ. ಮೈ ಇಳಿದು ಹೊಟ್ಟೆ ಹೆಂಗೆ ಬೆಳೆಯುತ್ತೆ? ಸೊಸೆಗೆ ಹೇಳಿದ್ರಾ?"

ಹೇಳಿಲ್ಲ. ಇಲ್ಲಿ ಬರೆಯದೇ ಇದ್ದುದನ್ನು ಅವಳಿಗೂ ಹೇಳಲು ಮನಸ್ಸಾಗಲಿಲ್ಲ. ಆದರೆ ನನ್ನ ಕಾರಣ ಸ್ಪಷ್ಟವಾಗಿದೆ. ಪರೀಕ್ಷೆಗೆ ಉಳಿದಿರುವುದು ಈ ಶನಿವಾರ, ಭಾನುವಾರ. ಈಗ ನನ್ನ ಉಸಿರು, ನನ್ನ ಕಾಲು ಎಂದು ಆರಂಭಿಸಿದರೆ ಅವಳು ಪುಸ್ತಕ ಮುಚ್ಚಿಟ್ಟು ನನ್ನನ್ನು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುತ್ತಾಳೆ. ತಪ್ಪಿದರೆ ಮತ್ತೆ ಇಸ್ತ್ರಿ ಮೇಜು. ಆ ಗೆರೆಗಳ ಮೇಲೆ ಹೊಸ ಗೆರೆಗಳು. ಸೋಮವಾರ ಸಂಜೆ ಹೇಳಿದರೆ ಆಯಿತು.

ಪರೀಕ್ಷೆ ಮುಗಿಯುವವರೆಗೆ ತುಟಿ ಬಿಚ್ಚಕೂಡದೆಂದು ಟೈಲರಮ್ಮನಿಗೆ ತಾಕೀತು ಮಾಡಿದೆ. ತಾಕೀತನ್ನು ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, "ಸೋಮವಾರ ಸಂಜೆ ನೀವು ಹೇಳದಿದ್ರೆ ರಾತ್ರಿ ನಾನು ಹೇಳ್ತೀನಿ" ಎಂದು ಹೋದಳು. ಪ್ಯಾಂಟಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಏಪ್ರಿಲ್ 6, ಭಾನುವಾರ

ಬರೆಯಲು ಕೂತೆ. ಕೆಮ್ಮು. ನಾಳೆ ಅವಳಿಗೆ ಹತ್ತು ಗಂಟೆಗೆ.

ಏಪ್ರಿಲ್ 9, ಬುಧವಾರ

ಆಸ್ಪತ್ರೆ. ಕಿಟಕಿಯ ಪಕ್ಕದ ಹಾಸಿಗೆ. ಪೆನ್ನು ಟೈಲರಮ್ಮ ತಂದುಕೊಟ್ಟಳು. ಸೋಮವಾರ ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಬೇಗ ಸೊಸೆ ಯೂನಿಫಾರಂ ತೊಟ್ಟು ಬಂದಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಕೈ ತಣ್ಣಗಿತ್ತು, ಮುಖದಲ್ಲಿ ನಿದ್ದೆ ಇರಲಿಲ್ಲ. ಹೊರಡುವ ಮುಂಚೆ ಒಂದೇ ಒಂದು ಸಲ ಅಭ್ಯಾಸ ಮಾಡೋಣ, ಏನೋ ಮುಚ್ಚಿಡುವ ರೋಗಿಯಾಗಿ ಎಂದು ಕೇಳಿದಳು. ಆಗಲಿ ಎಂದೆ. ಪ್ರಕರಣ ಬರೆದಿರಲಿಲ್ಲ. ರಾತ್ರಿಯೆಲ್ಲ ಕೂತೇ ಇದ್ದೆ, ಹೊಸದಾಗಿ ಏನನ್ನೂ ಕಲ್ಪಿಸುವ ಶಕ್ತಿ ಇರಲಿಲ್ಲ. ಇರುವುದನ್ನೇ ಇಟ್ಟುಕೊಂಡು ಇಲ್ಲ ಎಂದರೆ ಸಾಕಲ್ಲ ಎಂದುಕೊಂಡೆ. ಅವಳಿಗೆ ಅದು ನಾಟಕವೆಂದೇ ತೋರುತ್ತದೆ, ಅಭ್ಯಾಸವೂ ಆಗುತ್ತದೆ. ಇದರಲ್ಲಿ ನನಗೆ ಜಾಣತನ ಕಂಡಿತು.

ಏನಾಗುತ್ತಿದೆ ಎಂದಳು. ಏನೂ ಇಲ್ಲ, ಪಕ್ಕದ ಮನೆಯವರು ಸುಮ್ಮನೆ ನಿಮ್ಮನ್ನು ಕರೆದರು ಎಂದೆ. ಉಸಿರಾಡಲು ಕಷ್ಟವೇ ಎಂದಳು. ಇಲ್ಲ ಎಂದೆ. ಮಲಗಿದರೆ? ಇಲ್ಲ. ಇಲ್ಲ ಅಂದ್ರಿ, ಆದ್ರೂ ನೋಡ್ತೀನಿ ಎಂದು ಮಣಿಕಟ್ಟು ಹಿಡಿದಳು. ನಾನು ಅಭ್ಯಾಸಬಲದಿಂದ "ಎಂಬತ್ತು" ಎಂದೆ.

ಅವಳು ಕೈ ಬಿಡಲಿಲ್ಲ.

"ಹೇಳ್ಬೇಡಿ ಮಾವ," ಎಂದಳು. "ಇವತ್ತು ನಾನೇ ಎಣಿಸ್ತೀನಿ. ಪರೀಕ್ಷೆಗೆ ಕೈ ಸ್ಥಿರ ಆಗ್ಲಿ."

ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದಳು. ನಡುವೆ ತುಟಿ ನಿಂತಿತು. ಮತ್ತೆ ಮೊದಲಿಂದ ಎಣಿಸಿದಳು. ನನ್ನ ಎದೆಯ ಮೇಲೆ ಅಂಗೈ ಇಟ್ಟು ಉಸಿರು ಎಣಿಸಿದಳು. ಅಭ್ಯಾಸದಲ್ಲಿ ಒಮ್ಮೆಯೂ ಕಿವಿಗೆ ಹಾಕಿಕೊಳ್ಳದೆ ಕುತ್ತಿಗೆಯಲ್ಲೇ ನೇತುಹಾಕಿಕೊಂಡಿದ್ದ ಸ್ಟೆತಸ್ಕೋಪನ್ನು ತೆಗೆದು ಬೆನ್ನಿಗೆ ಇಟ್ಟಳು. ಕೆಳಗೆ, ಇನ್ನೂ ಕೆಳಗೆ. ಆಮೇಲೆ ನೆಲದ ಮೇಲೆ ಕುಳಿತು, ಕೇಳದೆಯೇ, ನನ್ನ ಕಾಲುಚೀಲವನ್ನು ಇಳಿಸಿದಳು. ಹೆಬ್ಬೆರಳಿನಿಂದ ಒತ್ತಿ ತೆಗೆದಳು. ಒತ್ತಿದ ಜಾಗದಲ್ಲಿ ಗುಳಿ ಹಾಗೇ ಉಳಿಯಿತು.

ಅದನ್ನೇ ನೋಡುತ್ತ ಕೂತಿದ್ದಳು. ಮೇಲೆ ನೋಡದೆ ಕೇಳಿದಳು.

"ಇದು ನಾಟಕದ್ದಾ, ನಿಮ್ಮದಾ?"

ನನ್ನ ಬಳಿ ಉತ್ತರವಿತ್ತು. ಸಂಜೆ ಮಾತಾಡೋಣ, ನೀನು ಹೊರಡು, ಹತ್ತು ಗಂಟೆಗೆ ಪರೀಕ್ಷೆ, ಎಂದು ಹೇಳಬೇಕಿತ್ತು. "ನೀನು ಹೊರಡು" ಎನ್ನುವುದಷ್ಟೇ ಹೊರಬಂತು. ಉಳಿದದ್ದಕ್ಕೆ ಗಾಳಿ ಸಾಲಲಿಲ್ಲ.

ಅವಳ ಮುಖ ಹೇಗಾಯಿತೆಂದು ಬರೆಯಲಾರೆ. ಎಷ್ಟು ದಿನ ಈ ಕೈ ಹಿಡಿದೆ ಮಾವ, ಎಂದಳು. ಅದೊಂದೇ. ಆಮೇಲೆ ಬೇರೆ ಹೆಂಗಸಾದಳು. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದಳು. ತೊಂಬತ್ತರ ಕೆಳಗೆ ತೋರಿಸಿತು. ನಾನು ಹಾಸಿಗೆಯ ಮೇಲೆ ಒರಗಲು ಹೋದರೆ ತಡೆದು, ಕುರ್ಚಿಯಲ್ಲೇ ನೆಟ್ಟಗೆ ಕೂರಿಸಿ, ಕಾಲುಗಳನ್ನು ಕೆಳಗೆ ಇಳಿಬಿಟ್ಟಳು. ಅಂಗಿಯ ಗುಂಡಿ ಬಿಚ್ಚಿದಳು. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಕಿಟಕಿ ತೆರೆದಳು. ಮೆಟ್ಟಿಲ ಬಳಿ ನಿಂತು ಟೈಲರಮ್ಮನನ್ನು ಕೂಗಿದಳು.

ನಾನು ಗಡಿಯಾರದ ಕಡೆ ಕೈ ತೋರಿಸಿದೆ. ಅವಳು ನೋಡಲಿಲ್ಲ. ಟೈಲರಮ್ಮ ಮೇಲೆ ಬಂದು, ನಾನಿರ್ತೀನಿ, ನೀನು ಪರೀಕ್ಷೆಗೆ ಹೋಗು ಎಂದಳು. ಆಂಬುಲೆನ್ಸಿನವರು ಬರುವ ಮುಂಚೆ ನನಗೆ ಏನಾದರೂ ಆದರೆ ಏನು ಮಾಡುತ್ತೀರೆಂದು ಸೊಸೆ ಅವಳನ್ನು ಕೇಳಿದಳು. ಸಾಮಾನ್ಯ ದನಿಯಲ್ಲೇ ಕೇಳಿದಳು. ಟೈಲರಮ್ಮನಿಗೆ ಅಳು ಬಂತು.

"ಹೋಗಮ್ಮ," ಎಂದೆ ನಾನು. "ಇದು... ಹಿರಿಯನ ಮಾತು."

"ಈ ಕುರ್ಚಿಯಲ್ಲಿ ಇರೋರು ನಮ್ಮ ಮಾವ ಅಲ್ಲ," ಎಂದಳು. "ಸುಮ್ನೆ ಉಸಿರಾಡಿ. ಮಾತು ಬೇಡ."

ಆಂಬುಲೆನ್ಸಿನವರು ಬಂದಾಗ ಅವಳು ನನ್ನನ್ನು ಅವರಿಗೆ ಒಪ್ಪಿಸಿದಳು. ವಯಸ್ಸು ಹೇಳಿದಳು. ಉಸಿರು ಸಿಗುತ್ತಿಲ್ಲ, ವಾರಗಳಿಂದ ಇರಬೇಕು, ಇಂದು ಹೆಚ್ಚಾಗಿದೆ ಎಂದಳು. ಎದೆಯ ತಳದಲ್ಲಿ ಎರಡೂ ಕಡೆ ನೀರಿನ ಸದ್ದು, ಕಾಲು ಊದಿದೆ, ಮಲಗಲು ಆಗುತ್ತಿಲ್ಲ. ಎಣಿಸಿದ ಸಂಖ್ಯೆಗಳು. ಕೊನೆಗೆ, "ಕೇಳಿದ್ರೆ ಏನೂ ಇಲ್ಲ ಅಂತಾರೆ, ನಂಬಬೇಡಿ." ಇಷ್ಟೇ. ಪೀಠಿಕೆ ಇರಲಿಲ್ಲ. ನನ್ನ ಮನೆತನ, ಹುದ್ದೆ, ನಡತೆ ಯಾವುದೂ ಇರಲಿಲ್ಲ. ನಾನೇ ಬರೆದಿದ್ದರೆ ನಾಲ್ಕು ಪುಟ ಆಗುತ್ತಿತ್ತು. ಬಂದವರಿಗೆ ಬೇರೇನೂ ಕೇಳಬೇಕಾಗಲಿಲ್ಲ.

ವಾಹನದಲ್ಲಿ ಆಮ್ಲಜನಕದ ಮುಖವಾಡದೊಳಗಿಂದ ನೋಡಿದೆ. ಎದುರಿಗೆ ಕೂತಿದ್ದಳು. ಹತ್ತು ಗಂಟೆ ದಾಟಿದ್ದು ದಾರಿಯಲ್ಲೇ.

ಹೃದಯ ದುರ್ಬಲವಾಗಿ ಶ್ವಾಸಕೋಶಕ್ಕೆ ನೀರು ಸೇರಿತ್ತು ಎಂದು ಡಾಕ್ಟರ್ ಹೇಳಿದರು. ಸಂಜೆಯವರೆಗೆ ಬಿಟ್ಟಿದ್ದರೆ ಎಂದು ಮಗ ಫೋನಿನಲ್ಲಿ ಕೇಳಿದನಂತೆ. ನಿಮ್ಮ ಹೆಂಡತಿಗೆ ಕೈಮುಗಿಯಿರಿ ಎಂದರಂತೆ ಡಾಕ್ಟರ್.

ಏಪ್ರಿಲ್ 10, ಗುರುವಾರ

ಗೈರುಹಾಜರಾದರೂ ಅವಕಾಶ ಕಳೆದುಕೊಂಡಂತೆಯೇ. ಹಾಗೆಂದು ಅವರ ನಿಯಮ. ಟೈಲರಮ್ಮ ಹೇಳಿದಳು. ಸೊಸೆ ಮೂರು ದಿನದಿಂದ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು.

ಕಾಗದ ತರಿಸಿದೆ. ಸಂಸ್ಥೆಯ ಮುಖ್ಯಸ್ಥರಿಗೆ ಅರ್ಜಿ ಬರೆಯಲು. "ಮಾನ್ಯರ ಸನ್ನಿಧಿಗೆ" ಎಂದು ಬರೆದೆ. ಮುಂದೆ ಏನು ಬರೆಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೊಸೆ ಬಂದು ಪೆನ್ನು ಹಿಡಿದುಕೊಂಡಳು. ಕಿತ್ತುಕೊಳ್ಳಲಿಲ್ಲ, ನಾನು ಬಿಡುವವರೆಗೆ ಹಿಡಿದಿದ್ದಳು.

"ಬೇಡ ಮಾವ. ಹೋಗಿ ಬಾಯಲ್ಲೇ ಹೇಳ್ತೀನಿ. ನಡೆದದ್ದು ನನಗೇ ತಾನೆ ಗೊತ್ತು."

ಅಂಥವರ ಎದುರು ಬಾಯಿಮಾತು ನಿಲ್ಲುವುದಿಲ್ಲ ಎಂದೆ. ನಿಲ್ಲದಿದ್ದರೆ ಇಸ್ತ್ರಿ ಮಾಡುತ್ತೇನೆ ಎಂದಳು. ಹೋದಳು.

ಇಡೀ ಮಧ್ಯಾಹ್ನ ಬಾಗಿಲು ನೋಡಿದೆ. ಪಕ್ಕದ ಹಾಸಿಗೆಯವನು ಯಾರನ್ನು ಕಾಯುತ್ತಿದ್ದೀರಿ ಎಂದ. ನನ್ನ ಡಾಕ್ಟರನ್ನು ಎಂದೆ. ಔಷಧಿಯ ಮಂಪರು ಇರಬೇಕು.

ನಾಲ್ಕರ ಹೊತ್ತಿಗೆ ಬಂದಳು. ಮುಖ್ಯಸ್ಥರು ಒಪ್ಪಿರಲಿಲ್ಲವಂತೆ. ಕ್ಯಾಪ್ಟನ್ ಎದ್ದುನಿಂತು, ಮನೆಯಲ್ಲಿ ಉಸಿರು ಕಟ್ಟಿದವನನ್ನು ಬಿಟ್ಟು ಬಂದು ಇಲ್ಲಿ ನಾಟಕದವನ ನಾಡಿ ಹಿಡಿದಿದ್ದರೆ ನಾನೇ ಇವಳನ್ನು ಹೊರಗೆ ಹಾಕುತ್ತಿದ್ದೆ ಎಂದಳಂತೆ. ಆಮೇಲೆ ಒಪ್ಪಿದರಂತೆ. ಶನಿವಾರ, ಇನ್ನೂ ಸರದಿ ಬಾರದವರ ಜೊತೆ, ಪರೀಕ್ಷೆ. ಇದೇ ಕೊನೆ.

ಏಪ್ರಿಲ್ 11, ಶುಕ್ರವಾರ

ಅವಳು ಅಭ್ಯಾಸ ಮಾಡಿಲ್ಲ. ಇಲ್ಲೇ ಕೂತಿದ್ದಾಳೆ. ಓದು ಎಂದರೆ ಓದಿದ್ದೇನೆ ಎನ್ನುತ್ತಾಳೆ. ನನ್ನಿಂದ ತಪ್ಪಿದರೆ. ಈ ವಾಕ್ಯ ಮುಗಿಸಲಾರೆ.

ಏಪ್ರಿಲ್ 12, ಶನಿವಾರ

ಪಾಸು.

ಮಧ್ಯಾಹ್ನ ಬಂದಳು. ಬಾಗಿಲಲ್ಲೇ ಹೇಳಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಉಳಿದದ್ದನ್ನು ಹೇಳಿದಳು. ರೋಗಿಯ ಪಾತ್ರದವನು ತರುಣನಂತೆ. ಅವಳು ಮಣಿಕಟ್ಟು ಹಿಡಿದೊಡನೆ ಪರೀಕ್ಷಕರು ಚೀಟಿ ನೋಡಿ ಸಂಖ್ಯೆ ಹೇಳಿದರು. ಸರ್, ನೀವು ಹೇಳಿದ್ದು ಗೊತ್ತಾಯ್ತು, ಆದ್ರೂ ಎಣಿಸ್ತೀನಿ ಎಂದಳಂತೆ. ಸಮಯ ಹೋಗುತ್ತದೆ ಎಂದರಂತೆ. ಹೋಗಲಿ ಎಂದಳಂತೆ. ಹೋಯಿತು. ಕೊನೆಯ ಭಾಗ ಮುಗಿಯುವ ಮುಂಚೆ ಗಂಟೆ ಹೊಡೆಯಿತು. ಅದಕ್ಕೆ ಅಂಕ ಕಳೆದಿದ್ದಾರೆ. ಅಂಚಿನಲ್ಲಿ ದಾಟಿದ್ದಾಳೆ.

ಆ ಅಂಕ ಕಳೆದದ್ದು ಅನ್ಯಾಯ. ಹೇಳಿದೆ. ನಕ್ಕಳು. ನಗುತ್ತಲೇ ತಲೆ ಗೋಡೆಗೆ ಒರಗಿತು, ಹಾಗೇ ನಿದ್ದೆ ಹೋದಳು. ಬೂಟು ಕಾಲಲ್ಲೇ ಇತ್ತು. ಎಷ್ಟು ದಿನದ ನಿದ್ದೆಯೋ.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಹೇಗಿದ್ದೀರಿ ಅಜ್ಜ ಎಂದು ಕೇಳಿದಳು. ಇನ್ನೊಬ್ಬರ ಕಡೆ ತಿರುಗುತ್ತಲೇ ಕೇಳಿದಳು, ಚೆನ್ನಾಗಿದ್ದೇನೆ ಎಂದಿದ್ದರೆ ಮುಂದೆ ಹೋಗುತ್ತಿದ್ದಳು. ಬೆಳಿಗ್ಗೆ ಶೌಚಾಲಯಕ್ಕೆ ನಡೆದು ಬಂದಾಗ ಎದೆ ಹಿಡಿದ ಹಾಗಾಯಿತು, ಬೆವರು ಬಂತು, ಕೂತ ಮೇಲೆ ಹೋಯಿತು ಎಂದೆ. ಮೆಲ್ಲಗೆ ಹೇಳಿದೆ. ಅವಳು ತಿರುಗಿ ನಿಂತು, ಇನ್ನೂ ಕೆಲವು ಪ್ರಶ್ನೆ ಕೇಳಿ, ಡಾಕ್ಟರನ್ನು ಕರೆಯುತ್ತೇನೆ ಎಂದಳು. ಮನೆಯವರನ್ನು ಎಬ್ಬಿಸಲೇ ಎಂದಳು.

ಬೇಡ ಎಂದೆ. ಸೋಮವಾರದಿಂದ ಸೊಸೆಗೆ ಆಂಬುಲೆನ್ಸ್ ಡ್ಯೂಟಿ. ಮಲಗಲಿ.